ಲಿಂಕ್ ಕೊಟ್ಟೆವು, ಮದುವೆ ಕೊಡಲಿಲ್ಲ: ಹಾಸನದ ಒಂದು ಸ್ಟುಡಿಯೊದ ಪ್ರಕರಣ

2024ರ ಫೆಬ್ರುವರಿಯ ಒಂದು ಮಧ್ಯಾಹ್ನ ಆಲೂರು ಕಡೆಯ ತಾಯಿಯೊಬ್ಬರು ನಮ್ಮ ಸ್ಟುಡಿಯೊಗೆ ಬಂದರು. ಸೆರಗಿನ ಗಂಟು ಬಿಚ್ಚಿ ಒಂದು ಪೆನ್‌ಡ್ರೈವ್ ತೆಗೆದು ಮೇಜಿನ ಮೇಲಿಟ್ಟರು. ಬಸ್ ನಿಲ್ದಾಣದ ಹತ್ತಿರದ ಅಂಗಡಿಯಲ್ಲಿ ಆಗಷ್ಟೇ ಕೊಂಡದ್ದು, ಮೇಲಿನ ಪ್ಲಾಸ್ಟಿಕ್ ಹೊದಿಕೆ ಹಾಗೆಯೇ ಇತ್ತು.

“ನಮ್ಮ ಹುಡುಗಿಯ ಮದುವೆಯದು ನಿಮ್ಮ ಹತ್ತಿರ ಇದೆಯಲ್ಲಪ್ಪ, ಅದನ್ನು ಇದಕ್ಕೆ ಹಾಕಿಕೊಡು. ಮೊಮ್ಮಗ ದಿನಾ ಕೇಳುತ್ತಾನೆ, ಅಮ್ಮನ ಮದುವೆಯಲ್ಲಿ ನಾನೆಲ್ಲಿದ್ದೆ ಅಂತ” ಎಂದರು.

ಅವರ ಮೊಬೈಲಿನಲ್ಲಿ ನಾವೇ ಕಳಿಸಿದ್ದ ಲಿಂಕ್ ಇನ್ನೂ ಇತ್ತು. ಮಗಳು ಅದನ್ನು ವಾಟ್ಸ್‌ಆ್ಯಪ್‌ನಲ್ಲಿ ನಕ್ಷತ್ರ ಗುರುತು ಹಾಕಿ ಕಾಪಾಡಿಟ್ಟಿದ್ದಳು. ಒತ್ತಿದರೆ ತೆರೆದದ್ದು ಬಿಳಿ ಪುಟ, ಅದರಲ್ಲಿ ಈ ವಿಳಾಸ ಮಾರಾಟಕ್ಕಿದೆ ಎಂಬ ಒಂದು ಸಾಲು. ನನ್ನ ಕಂಪ್ಯೂಟರಿನಲ್ಲಿ ಪ್ರಯತ್ನಿಸಿದೆ, ಅದೇ ಪುಟ. ಬೇರೆ ಮದುವೆಗಳ ಲಿಂಕುಗಳನ್ನು ಒಂದೊಂದಾಗಿ ಒತ್ತಿ ನೋಡಿದೆ. ಎಲ್ಲದಕ್ಕೂ ಅದೇ ಪುಟ. ನಮ್ಮ ನೇರಪ್ರಸಾರಗಳನ್ನು ಇಟ್ಟುಕೊಂಡಿದ್ದ ವಿದೇಶದ ವಿಡಿಯೊ ಸೇವೆ ಮುಚ್ಚಿ ತಿಂಗಳುಗಳಾಗಿದ್ದವು, ನಮಗೆ ತಿಳಿದದ್ದು ಆ ಕ್ಷಣದಲ್ಲಿ.

ನಾನು ಆ ಸ್ಟುಡಿಯೊದಲ್ಲಿ 2011ರಿಂದ ವಿಡಿಯೊ ಎಡಿಟರ್. ಆ ಸೇವೆಯನ್ನು ಹುಡುಕಿ, ಮಾಲೀಕರಿಗೆ ಒಪ್ಪಿಸಿ, ಚಂದಾ ಕಟ್ಟಿಸಿದವನು ನಾನೇ. ಮದುವೆ ವಿಡಿಯೊ ಮಾಡುವ ಬೇರೆ ಊರಿನವರಿಗೂ, ಮಾಡಿಸಿಕೊಳ್ಳುವವರಿಗೂ ಉಪಯೋಗವಾಗಲಿ ಎಂದು ನಡೆದದ್ದನ್ನು ನಡೆದಂತೆ ಬರೆಯುತ್ತಿದ್ದೇನೆ. ಆ ಸೇವೆಯ ಹೆಸರನ್ನೂ ಗ್ರಾಹಕರ ಹೆಸರುಗಳನ್ನೂ ಹೇಳುವುದಿಲ್ಲ.

ಬೂಷ್ಟಿನಿಂದ ಲಿಂಕಿನವರೆಗೆ

ನಮ್ಮ ಅಂಗಡಿ ಬಿ.ಎಂ. ರಸ್ತೆಯಿಂದ ಒಳಗೆ ತಿರುಗುವ ಒಂದು ಓಣಿಯಲ್ಲಿದೆ. ಮಾಲೀಕರನ್ನು ನಾವೆಲ್ಲ ಅಣ್ಣ ಎನ್ನುತ್ತೇವೆ. ಅವರು ಕ್ಯಾಸೆಟ್ ಕಾಲದಿಂದ ಈ ಕೆಲಸದಲ್ಲಿರುವವರು. ಕ್ಯಾಸೆಟ್ ಹೋಗಿ ಸಿ.ಡಿ. ಬಂತು, ಸಿ.ಡಿ. ಹೋಗಿ ಡಿ.ವಿ.ಡಿ., ಆಮೇಲೆ ಪೆನ್‌ಡ್ರೈವ್. ಏನೇ ಬದಲಾದರೂ ಗ್ರಾಹಕರ ಕೈಗೆ ಒಂದು ವಸ್ತು ಹೋಗುತ್ತಿತ್ತು. ಆಲ್ಬಮ್ಮಿನ ಜೊತೆ ಅದನ್ನೂ ಅರಿಶಿನ ಕುಂಕುಮ ಹಚ್ಚಿ ದೇವರ ಮುಂದಿಟ್ಟು ಕೊಡುವುದು ಅಣ್ಣನ ಪದ್ಧತಿ.

ಆದರೆ ಮಲೆನಾಡಿನಲ್ಲಿ ವಸ್ತು ಬಾಳುವುದು ಕಷ್ಟ. ಸಕಲೇಶಪುರ, ಹೆತ್ತೂರು ಕಡೆಯ ಮನೆಗಳಲ್ಲಿ ಎರಡು ಮಳೆಗಾಲ ಕಳೆದರೆ ಬೀರುವಿನೊಳಗಿನ ರೇಷ್ಮೆ ಸೀರೆಗೇ ಬೂಷ್ಟು ಹಿಡಿಯುತ್ತದೆ, ಕ್ಯಾಸೆಟ್ಟಿನ ಪಾಡು ಕೇಳಬೇಕೆ? ಬಿಳಿ ಪುಡಿ ಮೆತ್ತಿದ ಕ್ಯಾಸೆಟ್ಟುಗಳನ್ನು ಹಿಡಿದು ಬರುವವರನ್ನು ನಾನು ಸೇರಿದ ಹೊಸದರಲ್ಲಿ ವಾರಕ್ಕೊಬ್ಬರಂತೆ ನೋಡಿದ್ದೇನೆ. ಹತ್ತಿಯಿಂದ ಒರೆಸಿ, ಒಂದೊಂದು ಅಡಿ ಟೇಪ್ ಬಿಡಿಸಿ ಓಡಿಸುತ್ತಿದ್ದೆವು. ಅರ್ಧ ಉಳಿದರೆ ಪುಣ್ಯ. ಆದ್ದರಿಂದ ವಿಡಿಯೊ ಎಲ್ಲೋ ದೂರದ ಸರ್ವರಿನಲ್ಲಿ ಇರುತ್ತದೆ, ಮಳೆ ತಾಗುವುದಿಲ್ಲ, ಬೂಷ್ಟು ಹಿಡಿಯುವುದಿಲ್ಲ ಎಂದಾಗ ನಾವು ನಂಬಿದ್ದಕ್ಕೆ ಸೋಮಾರಿತನವಷ್ಟೇ ಕಾರಣವಲ್ಲ. ಮೂವತ್ತು ವರ್ಷದ ಬೂಷ್ಟಿನ ಅನುಭವವೇ ನಮ್ಮನ್ನು ಅತ್ತ ತಳ್ಳಿತು.

2020ರ ಮಾರ್ಚ್ 25ರಂದು ಲಾಕ್‌ಡೌನ್ ಶುರುವಾಯಿತು. ಆ ಬೇಸಿಗೆಯ ಮುಹೂರ್ತಗಳೆಲ್ಲ ರದ್ದಾದವು. ಆಮೇಲೆ 50 ಜನರ ಮಿತಿಯಲ್ಲಿ ಮದುವೆಗೆ ಅವಕಾಶ ಸಿಕ್ಕಿತು. ಸಾವಿರ ಜನಕ್ಕೆ ಎಲೆ ಹಾಕುವ ಮನೆಗಳು ಐವತ್ತು ಜನರನ್ನು ಆರಿಸಬೇಕಾಯಿತು. ಸೋದರತ್ತೆ ಬೆಂಗಳೂರಿನಲ್ಲಿ, ಹುಡುಗಿಯ ಅಣ್ಣ ದುಬೈಯಲ್ಲಿ, ಅಜ್ಜಿ ಪಕ್ಕದ ತಾಲ್ಲೂಕಿನಲ್ಲಿದ್ದರೂ ಹೊರಡುವಂತಿಲ್ಲ. “ಲೈವ್ ಮಾಡುತ್ತೀರಾ?” ಎಂದು ಫೋನ್ ಬರತೊಡಗಿತು.

ಮೊದಲು ಎಲ್ಲರಿಗೂ ಗೊತ್ತಿರುವ ಒಂದು ಉಚಿತ ತಾಣದಲ್ಲಿ ಮಾಡಿದೆವು. ಚನ್ನರಾಯಪಟ್ಟಣ ಹತ್ತಿರದ ಮದುವೆಯೊಂದರಲ್ಲಿ ಆರತಿ ಎತ್ತುವ ಹೊತ್ತಿಗೆ ಯಾರೋ ಸ್ಪೀಕರಿನಲ್ಲಿ ಸಿನಿಮಾ ಹಾಡು ಹಾಕಿದರು. ಹಕ್ಕುಸ್ವಾಮ್ಯದ ಹಾಡನ್ನು ಗುರುತಿಸುವ ಯಂತ್ರವ್ಯವಸ್ಥೆ ಪ್ರಸಾರವನ್ನೇ ತಡೆಹಿಡಿಯಿತು. ನೋಡುತ್ತಿದ್ದವರಿಗೆ ವಧೂವರರ ಬದಲು ಎಚ್ಚರಿಕೆಯ ಚಿತ್ರ ಕಾಣಿಸಿತು. ಹತ್ತು ನಿಮಿಷ ಮದುಮಗನ ಅಕ್ಕ ಅಮೆರಿಕದಿಂದ ಫೋನಿನಲ್ಲಿ ಅಳುತ್ತಿದ್ದಳು. ಅದಾದ ಮೇಲೆ ನಾನು ದುಡ್ಡು ಕೊಟ್ಟು ಬಳಸುವ ಸೇವೆ ಹುಡುಕಿದೆ. ಸಿಕ್ಕಿದ್ದು ವಿದೇಶದ ಒಂದು ಸಣ್ಣ ಕಂಪನಿ. ಜಾಹೀರಾತು ಇಲ್ಲ, ನಮ್ಮ ಸ್ಟುಡಿಯೊ ಹೆಸರಿನದೇ ಪುಟ, ನೆಂಟರಿಗೆ ಮಾತ್ರ ಗುಪ್ತಪದ, ಮುಗಿದ ಪ್ರಸಾರಗಳೆಲ್ಲ ಅಲ್ಲೇ ಉಳಿಯುತ್ತವೆ. ವರ್ಷದ ಚಂದಾ ಒಂದೇ ಮೊತ್ತ, ಎಷ್ಟು ಜನ ನೋಡಿದರೂ ಅಷ್ಟೇ.

ಎಷ್ಟು ಜನ ನೋಡಿದರೂ ಅಷ್ಟೇ ಎಂಬ ಆ ಮಾತಿನಲ್ಲೇ ಮುಂದಿನದೆಲ್ಲ ಅಡಗಿತ್ತು ಎಂದು ಈಗ ಅನ್ನಿಸುತ್ತದೆ.

ಆ ದಿನ ನಾನು ಒತ್ತದ ಗುಂಡಿ

ಆಲೂರಿನ ಮದುವೆ ನಡೆದದ್ದು 2020ರ ಜೂನ್‌ನಲ್ಲಿ, ಆಷಾಢಕ್ಕೆ ಇನ್ನು ಕೆಲವೇ ದಿನ ಇರುವಾಗ. ಮನೆ ಮುಂದೆ ಹಸಿರು ಚಪ್ಪರ, ಹಿಂದೆ ಶುಂಠಿ ಹೊಲ, ಜಿಟಿಜಿಟಿ ಮಳೆ. ಹುಡುಗಿಯ ತಂದೆ ಆ ವರ್ಷ ಶುಂಠಿಯಲ್ಲೂ ಕಳೆದುಕೊಂಡಿದ್ದರು. ಎರಡು ಕ್ಯಾಮೆರಾ, ಆಲ್ಬಂ, ಎಡಿಟಿಂಗ್ ಎಲ್ಲ ಬೇಡ, ಲೈವ್ ಒಂದೇ ಸಾಕು ಎಂದಿದ್ದರು. ನಾವು ಅದಕ್ಕೆಂದೇ ಕಡಿಮೆ ದರದ ಒಂದು ಏರ್ಪಾಡು ಮಾಡಿದ್ದೆವು: ಒಂದು ಕ್ಯಾಮೆರಾ, ಒಂದು ಲ್ಯಾಪ್‌ಟಾಪ್, ಎರಡು ಕಂಪನಿಗಳ ಇಂಟರ್‌ನೆಟ್ ಡೋಂಗಲ್.

ಸಿಗ್ನಲ್ ಸಿಕ್ಕಿದ್ದು ನೀರಿನ ಟ್ಯಾಂಕಿನ ಮೇಲೆ ಮಾತ್ರ. ನಮ್ಮ ಹುಡುಗ ಡೋಂಗಲನ್ನು ಸ್ಟೀಲ್ ಡಬ್ಬಿಯ ಮುಚ್ಚಳದೊಳಗಿಟ್ಟು, ಮೇಲೆ ಛತ್ರಿ ಹಿಡಿದು, ಧಾರೆ ಮುಗಿಯುವವರೆಗೆ ಟ್ಯಾಂಕಿನ ಮೇಲೆಯೇ ಕುಳಿತಿದ್ದ. ಕೇಬಲ್ ಎಳೆದು ಕೆಳಗೆ ಲ್ಯಾಪ್‌ಟಾಪಿಗೆ ಕೊಟ್ಟಿದ್ದೆವು.

ಇಲ್ಲಿ ಎರಡು ತಾಂತ್ರಿಕ ಸಂಗತಿ ಹೇಳಬೇಕು, ಏಕೆಂದರೆ ನಷ್ಟದ ಬೇರು ಅಲ್ಲಿದೆ. ನಾವು ಬಳಸುತ್ತಿದ್ದದ್ದು ಫೋಟೊ ತೆಗೆಯುವ ಡಿ.ಎಸ್.ಎಲ್.ಆರ್. ಕ್ಯಾಮೆರಾ. ಅಂಥ ಬಹಳಷ್ಟು ಕ್ಯಾಮೆರಾಗಳು ಒಮ್ಮೆಗೆ 29 ನಿಮಿಷ 59 ಸೆಕೆಂಡಿಗಿಂತ ಹೆಚ್ಚು ವಿಡಿಯೊ ದಾಖಲಿಸುವುದಿಲ್ಲ, ತಾವಾಗಿ ನಿಂತುಬಿಡುತ್ತವೆ. ಮಾಂಗಲ್ಯಧಾರಣೆಯ ಹೊತ್ತಿಗೆ ನಿಂತರೆ ಏನು ಗತಿ ಎಂದು ಮೆಮೊರಿ ಕಾರ್ಡಿಗೆ ದಾಖಲಿಸುವುದನ್ನೇ ಬಿಟ್ಟು, ಚಿತ್ರವನ್ನು ಎಚ್.ಡಿ.ಎಂ.ಐ. ತಂತಿಯ ಮೂಲಕ ನೇರ ಲ್ಯಾಪ್‌ಟಾಪಿಗೆ ಕೊಡುತ್ತಿದ್ದೆವು. ಎರಡನೆಯದು, ಪ್ರಸಾರಕ್ಕೆ ಬಳಸುವ ಓ.ಬಿ.ಎಸ್. ಎಂಬ ಉಚಿತ ತಂತ್ರಾಂಶದಲ್ಲಿ ಪ್ರಸಾರದ ಗುಂಡಿ ಬೇರೆ, ದಾಖಲಿಸುವ ಗುಂಡಿ ಬೇರೆ. ಎರಡನ್ನೂ ಒತ್ತಿದರೆ ಪ್ರಸಾರವಾದದ್ದರ ಒಂದು ಪ್ರತಿ ಲ್ಯಾಪ್‌ಟಾಪಿನಲ್ಲೂ ಉಳಿಯುತ್ತದೆ.

ಆ ದಿನ ಲ್ಯಾಪ್‌ಟಾಪಿನ ಡಿಸ್ಕ್ ಹಿಂದಿನ ವಾರದ ಮದುವೆಗಳಿಂದ ತುಂಬಿಹೋಗಿತ್ತು. ಜಾಗವಿಲ್ಲ ಎಂದು ಸೂಚನೆ ಬಂತು. ಮುಹೂರ್ತ ಹತ್ತಿರವಾಗಿತ್ತು, ಪುರೋಹಿತರು ಅವಸರಿಸುತ್ತಿದ್ದರು. ಹೇಗೂ ಅಲ್ಲಿ ಉಳಿಯುತ್ತದಲ್ಲ ಎಂದುಕೊಂಡು ನಾನು ಎರಡನೆಯ ಗುಂಡಿ ಒತ್ತಲಿಲ್ಲ. ಅಂತರಪಟ ಸರಿಯಿತು, ಜೀರಿಗೆ ಬೆಲ್ಲ ತಲೆಯ ಮೇಲೆ ಬಿತ್ತು, ಸುಮಾರು 200 ಫೋನುಗಳಲ್ಲಿ ಜನ ನೋಡಿದರು. ಮಳೆಯಲ್ಲಿ ನೆನೆದ ಹುಡುಗನಿಗೆ ಆ ತಾಯಿ ತಾವೇ ಟವೆಲ್ ತಂದುಕೊಟ್ಟು ಊಟ ಬಡಿಸಿದರು.

ಇಂಥ ಸೇವೆಗಳು ಏಕೆ ಮುಚ್ಚುತ್ತವೆ

ಒಂದು ಸಣ್ಣ ಲೆಕ್ಕ ಹಾಕೋಣ. ನಾವು ಕಳಿಸುತ್ತಿದ್ದ ಚಿತ್ರದ ಗುಣಮಟ್ಟಕ್ಕೆ ಸೆಕೆಂಡಿಗೆ 2.5 ಮೆಗಾಬಿಟ್ ಬೇಕು. ಗಂಟೆಗೆ ಸುಮಾರು 1.1 ಜಿ.ಬಿ. ಆಯಿತು. ನಮ್ಮ ಕಡೆಯಿಂದ ಹೋಗುವುದು ಅಷ್ಟೇ. ಆದರೆ ಅದನ್ನು 200 ಜನ ನೋಡಿದರೆ ಆ ಕಂಪನಿ ಗಂಟೆಗೆ 225 ಜಿ.ಬಿ. ಹೊರಗೆ ಕಳಿಸಬೇಕು. ಟಿ.ವಿ. ಚಾನೆಲ್ಲಿಗೆ ಈ ತೊಂದರೆಯಿಲ್ಲ. ಉಪಗ್ರಹದಿಂದ ಇಳಿಯುವ ಸಂಕೇತವನ್ನು ಹತ್ತು ಮನೆ ಹಿಡಿದರೂ ಹತ್ತು ಲಕ್ಷ ಮನೆ ಹಿಡಿದರೂ ಖರ್ಚು ಒಂದೇ. ಇಂಟರ್‌ನೆಟ್ಟಿನಲ್ಲಿ ಪ್ರತಿ ನೋಡುಗನಿಗೂ ಬೇರೆ ಬೇರೆಯಾಗಿ ಕಳಿಸಬೇಕು, ಜನ ಹೆಚ್ಚಿದಷ್ಟೂ ಬಿಲ್ಲು ಹೆಚ್ಚುತ್ತದೆ. ನಮ್ಮಿಂದ ಬರುತ್ತಿದ್ದ ಚಂದಾ ಮಾತ್ರ ನಿಂತಲ್ಲೇ ನಿಂತಿತ್ತು. 2020ರಲ್ಲಿ ಇಂಥ ಕಂಪನಿಗಳಿಗೆ ಗ್ರಾಹಕರು ಮುಗಿಬಿದ್ದರು. ಛತ್ರಗಳು ಮತ್ತೆ ತುಂಬಿದಾಗ ಲೈವ್ ಕೇಳುವವರು ಕಡಿಮೆಯಾದರು, ಹೊಸ ಚಂದಾ ಬರಲಿಲ್ಲ. ಹಳೆಯ ವಿಡಿಯೊಗಳ ರಾಶಿ ಮಾತ್ರ ಜಾಗ ತಿನ್ನುತ್ತ ಉಳಿಯಿತು. ನಮ್ಮ ಸೇವೆಯನ್ನು ಮೊದಲು ಇನ್ನೊಂದು ಕಂಪನಿ ಕೊಂಡಿತು, ಆಮೇಲೆ ಮುಚ್ಚಿತು.

ದೊಡ್ಡವರದ್ದೂ ಇದೇ ಕಥೆ. ಸಿಂಗ್‌ಟೆಲ್, ಸೋನಿ, ವಾರ್ನರ್ ಬ್ರದರ್ಸ್ ಸೇರಿ 2015ರಲ್ಲಿ ಶುರು ಮಾಡಿದ ಹೂಕ್ ಎಂಬ ವಿಡಿಯೊ ಸೇವೆ 2020ರ ಏಪ್ರಿಲ್ 30ಕ್ಕೆ ನಿಂತಿತು. ಅಮೆರಿಕದ ಕ್ವಿಬಿ ಎಂಬ ಕಿರು ವಿಡಿಯೊ ಸೇವೆ ಸುಮಾರು 175 ಕೋಟಿ ಡಾಲರ್ ಬಂಡವಾಳ ಕೂಡಿಸಿಕೊಂಡು 2020ರ ಏಪ್ರಿಲ್‌ನಲ್ಲಿ ಆರಂಭವಾಗಿ ಡಿಸೆಂಬರಿನಲ್ಲಿ ಬಾಗಿಲು ಹಾಕಿತು. ನಮ್ಮ ಮನೆಗಳಲ್ಲಿ ಕನ್ನಡ ಧಾರಾವಾಹಿ ನೋಡುತ್ತಿದ್ದ ವೂಟ್ 2023ರಲ್ಲಿ ಜಿಯೊಸಿನಿಮಾದೊಳಗೆ ಸೇರಿತು. ಅದು 2025ರ ಫೆಬ್ರುವರಿ 14ರಂದು ಹಾಟ್‌ಸ್ಟಾರ್ ಜೊತೆ ಕೂಡಿ ಜಿಯೊಹಾಟ್‌ಸ್ಟಾರ್ ಆಯಿತು. ನನ್ನ ಅತ್ತೆಗೆ ಮೂರು ಬಾರಿ ಹೊಸ ಆ್ಯಪ್ ಹಾಕಿಕೊಟ್ಟಿದ್ದೇನೆ. ಆದರೂ ಅವರ ಧಾರಾವಾಹಿ ತಪ್ಪಲಿಲ್ಲ.

ಈ ವ್ಯತ್ಯಾಸವನ್ನು ಎಷ್ಟೋ ಜನ ಗಮನಿಸುವುದಿಲ್ಲ. ಸಿನಿಮಾ ತೋರಿಸುವ ಸೇವೆ ಮುಚ್ಚಿದರೆ ಸಿನಿಮಾ ಸಾಯುವುದಿಲ್ಲ. ನಿರ್ಮಾಪಕರ ಬಳಿ ಮೂಲ ಪ್ರತಿ ಇರುತ್ತದೆ, ನಾಳೆ ಇನ್ನೊಂದು ಆ್ಯಪ್‌ನಲ್ಲಿ ಬರುತ್ತದೆ. ಜನ ತಮ್ಮ ಸ್ವಂತ ವಿಡಿಯೊ ಇಡುವ ಸೇವೆ ಮುಚ್ಚಿದರೆ ಮೂಲ ಪ್ರತಿಯೇ ಹೋಗುತ್ತದೆ. ನೇರಪ್ರಸಾರಕ್ಕೆ ಹೆಸರಾಗಿದ್ದ ಜಸ್ಟಿನ್.ಟಿವಿ 2014ರ ಜೂನ್‌ನಲ್ಲಿ ಹಳೆಯ ಪ್ರಸಾರಗಳ ದಾಖಲೆಯನ್ನು ಅಳಿಸಿತು, ಆಗಸ್ಟಿನಲ್ಲಿ ತಾನೇ ಮುಚ್ಚಿತು. ಮೈಕ್ರೊಸಾಫ್ಟ್‌ನ ಮಿಕ್ಸರ್ ಎಂಬ ನೇರಪ್ರಸಾರ ಸೇವೆ 2020ರ ಜೂನ್ 22ಕ್ಕೆ ಘೋಷಿಸಿ ಜುಲೈ 22ಕ್ಕೆ ನಿಂತಿತು, ಒಂದೇ ತಿಂಗಳ ಗಡುವು. ಗೂಗಲ್ ವಿಡಿಯೊ 2011ರ ಏಪ್ರಿಲ್‌ನಲ್ಲಿ ಎರಡು ವಾರದ ಗಡುವು ಕೊಟ್ಟು ಪ್ರಸಾರ ನಿಲ್ಲಿಸುವುದಾಗಿ ಹೇಳಿತ್ತು. ಜನ ವಿರೋಧಿಸಿದ ಮೇಲೆ ನಿರ್ಧಾರ ಬದಲಿಸಿ, ಮುಂದಿನ ವರ್ಷ ಉಳಿದ ವಿಡಿಯೊಗಳನ್ನು ಯೂಟ್ಯೂಬಿಗೆ ಸಾಗಿಸಿತು. ಹಾಗೆ ಸಾಗಿಸಲು ಇನ್ನೊಂದು ಮನೆ ಇರುವ ಕಂಪನಿ ಎಷ್ಟಿವೆ?

ನಮ್ಮ ಸಾಲಗಾಮೆ ರಸ್ತೆಯಲ್ಲಿ ಇಸ್ರೊದ ಎಂ.ಸಿ.ಎಫ್., ಅಂದರೆ ಉಪಗ್ರಹಗಳ ಮುಖ್ಯ ನಿಯಂತ್ರಣ ಕೇಂದ್ರ, ಇದೆ. ದೇಶದ ಟಿ.ವಿ. ಚಾನೆಲ್ಲುಗಳನ್ನು ಹೊರುವ ಇನ್ಸಾಟ್, ಜಿಸ್ಯಾಟ್ ಉಪಗ್ರಹಗಳನ್ನು 1980ರ ದಶಕದಿಂದ ನೋಡಿಕೊಳ್ಳುತ್ತಿರುವುದು ಹಾಸನದ ಈ ಕೇಂದ್ರ. 2007ರಲ್ಲಿ ಹಾರಿದ ಇನ್ಸಾಟ್-4ಬಿ ಉಪಗ್ರಹದ ಆಯುಸ್ಸು ಮುಗಿದಾಗ 2022ರ ಜನವರಿಯಲ್ಲಿ, ಅದರಲ್ಲಿ ಉಳಿಸಿಕೊಂಡಿದ್ದ ಇಂಧನವನ್ನೇ ಬಳಸಿ, ಬೇರೆ ಉಪಗ್ರಹಗಳಿಗೆ ಅಡ್ಡವಾಗದಂತೆ ಸುಮಾರು 340 ಕಿಲೋಮೀಟರ್ ಮೇಲಕ್ಕೆ ಏರಿಸಿ ಬೀಳ್ಕೊಟ್ಟರು. ಕೊನೆಗಾಲಕ್ಕೆಂದು ಇಂಧನ ಎತ್ತಿಡುವ ಆ ಕ್ರಮ ನನಗೆ ಬಹಳ ಹಿಡಿಸಿತು. ಅದೇ ರಸ್ತೆಯಲ್ಲಿ ದಿನಾ ಓಡಾಡುವ ನಾನು ನನ್ನ ಗ್ರಾಹಕರ ವಿಡಿಯೊಗಳಿಗೆ ಅಂಥದ್ದೇನನ್ನೂ ಎತ್ತಿಡಲಿಲ್ಲ.

ಓದದೆ ಉಳಿದ ಪತ್ರ

ಮುಚ್ಚುವ ಸೂಚನೆ ಬಂದಿರಲಿಲ್ಲವೆ? ಬಂದಿತ್ತು. ಇದನ್ನು ಕಂಡುಕೊಳ್ಳಲು ನನಗೆ ಎರಡು ದಿನ ಹಿಡಿಯಿತು.

ಚಂದಾ ಕಟ್ಟುವಾಗ ಅದಕ್ಕೆಂದೇ ಒಂದು ಹೊಸ ಇಮೇಲ್ ವಿಳಾಸ ಮಾಡಿದ್ದೆವು. ಮೊದಲ ವರ್ಷದ ಚಂದಾ ಅಣ್ಣನ ಕ್ರೆಡಿಟ್ ಕಾರ್ಡಿನಿಂದ ಹೋಯಿತು, ಮುಂದಿನ ವರ್ಷದಿಂದ ತಾನಾಗಿ ಕಡಿತವಾಗುವಂತೆ ಇಟ್ಟಿದ್ದೆವು. 2021ರ ಅಕ್ಟೋಬರ್ 1ರಿಂದ ರಿಸರ್ವ್ ಬ್ಯಾಂಕಿನ ಹೊಸ ನಿಯಮ ಬಂತು. ಗ್ರಾಹಕರು ಬ್ಯಾಂಕಿನಲ್ಲಿ ವಿಶೇಷವಾಗಿ ಒಪ್ಪಿಗೆ ನೋಂದಾಯಿಸದೆ ಕಾರ್ಡಿನಿಂದ ಮತ್ತೆ ಮತ್ತೆ ಹಣ ಕಡಿತ ಮಾಡುವಂತಿಲ್ಲ. ಗ್ರಾಹಕರನ್ನು ಕಾಯುವ ಒಳ್ಳೆಯ ನಿಯಮ ಅದು. ಆದರೆ ನಮ್ಮ ಸಣ್ಣ ವಿದೇಶಿ ಕಂಪನಿ ಆ ಏರ್ಪಾಡು ಮಾಡಿಕೊಂಡಿರಲಿಲ್ಲ. ಹೀಗಾಗಿ ಆಮೇಲೆ ಅದು ಕೈಯಾರೆ ಕಟ್ಟಿ ಎಂದು ಮೇಲಿಂದ ಮೇಲೆ ನೆನಪೋಲೆ ಕಳಿಸತೊಡಗಿತು. ಅಣ್ಣ ವರ್ಷಕ್ಕೊಮ್ಮೆ ಕಟ್ಟುತ್ತಿದ್ದರು, ಉಳಿದ ಪತ್ರಗಳನ್ನು ತೆರೆಯುತ್ತಿರಲಿಲ್ಲ. ಆ ಕಡೆಯಿಂದ ಬರುವುದೆಲ್ಲ ದುಡ್ಡು ಕೇಳುವ ಪತ್ರ ಎಂದು ಮನಸ್ಸಿಗೆ ಕೂತುಬಿಟ್ಟಿತ್ತು.

2023ರ ಆಗಸ್ಟ್‌ನಲ್ಲಿ ಬಂದ ಪತ್ರದ ತಲೆಬರಹ “ನಿಮ್ಮ ಖಾತೆಯ ಬಗ್ಗೆ ಮುಖ್ಯ ಮಾಹಿತಿ” ಎಂದಿತ್ತು. ಹಿಂದಿನ ನೆನಪೋಲೆಗಳಿಗೂ ಅದೇ ತಲೆಬರಹ. ಒಳಗೆ ನಾಲ್ಕನೆಯ ಪ್ಯಾರಾದಲ್ಲಿ, 60 ದಿನಗಳ ಬಳಿಕ ಎಲ್ಲ ವಿಡಿಯೊಗಳನ್ನು ಶಾಶ್ವತವಾಗಿ ಅಳಿಸಲಾಗುತ್ತದೆ, ಅಷ್ಟರೊಳಗೆ ಇಳಿಸಿಕೊಳ್ಳಿ ಎಂದು ಬರೆದಿತ್ತು. ಆ ಮಾತು ಮೊದಲ ಸಾಲಿನಲ್ಲಿ ಇರಬೇಕಿತ್ತು, ಒಂದಲ್ಲ ಐದು ಪತ್ರ ಬರಬೇಕಿತ್ತು ಎಂದು ನಾನು ಈಗಲೂ ಕೋಪಿಸಿಕೊಳ್ಳುತ್ತೇನೆ. ಆದರೆ ಆ ತಾಯಿ ವ್ಯವಹಾರ ಮಾಡಿದ್ದು ಆ ಕಂಪನಿಯೊಡನೆ ಅಲ್ಲ, ನಮ್ಮೊಡನೆ. ಅವರ ಕೈಯಲ್ಲಿದ್ದದ್ದು ನಮ್ಮ ರಸೀದಿ.

ಹುಡುಕಾಟ

ಅಂಗಡಿಯ ಹಳೆಯ ಡಿಸ್ಕುಗಳನ್ನೆಲ್ಲ ಹೊರಗೆ ತೆಗೆದೆವು. ಲೈವ್ ಮಾತ್ರ ಮಾಡಿದ್ದ ಮದುವೆಗಳು ಒಟ್ಟು 31. ಎರಡು ಕ್ಯಾಮೆರಾ ಮಾಡಿಸಿದ ಮನೆಗಳ ವಿಡಿಯೊ ಪೂರ್ತಿ ಸುರಕ್ಷಿತವಾಗಿತ್ತು, ಏಕೆಂದರೆ ಅವರಿಗೆ ಆಲ್ಬಮ್ಮಿನ ಜೊತೆ ಪೆನ್‌ಡ್ರೈವ್ ಕೊಟ್ಟಿದ್ದೆವು. ಕಳೆದುಹೋದದ್ದೆಲ್ಲ ಕಡಿಮೆ ದುಡ್ಡು ಕೊಡಲು ಸಾಧ್ಯವಿದ್ದವರದೇ. ಇದನ್ನು ಬರೆಯುವಾಗ ನನಗೆ ಈಗಲೂ ಸಂಕಟವಾಗುತ್ತದೆ.

ಆ 31ರಲ್ಲಿ 11 ಮದುವೆಗಳಲ್ಲಿ ನಾನೋ ಇನ್ನೊಬ್ಬ ಹುಡುಗನೋ ದಾಖಲಿಸುವ ಗುಂಡಿಯನ್ನೂ ಒತ್ತಿದ್ದೆವು, ಪೂರ್ತಿ ಸಿಕ್ಕವು. ಉಳಿದ 20 ಮನೆಗಳಿಗೂ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿದೆ: ಅಂದು ನೋಡುವಾಗ ಯಾರಾದರೂ ಮೊಬೈಲಿನ ಪರದೆಯನ್ನು ದಾಖಲಿಸಿಕೊಂಡಿದ್ದರಾ? ಹಳೆಯ ವೆಬ್ ಪುಟಗಳ ಪ್ರತಿ ಕಾಪಾಡಿಡುವ ಇಂಟರ್‌ನೆಟ್ ಆರ್ಕೈವ್‌ನಲ್ಲೂ ಹುಡುಕಿದೆ. ಗುಪ್ತಪದದ ಹಿಂದಿದ್ದ ಪುಟಗಳು ಅದಕ್ಕೂ ಸಿಕ್ಕಿರಲಿಲ್ಲ. ನೆಂಟರಿಷ್ಟರ ಫೋನುಗಳಿಂದ 6 ಮದುವೆಗಳ ತುಣುಕುಗಳು ಬಂದವು. ಹದಿನಾಲ್ಕು ಮದುವೆಗಳದು ಏನೂ ಇಲ್ಲ.

ಆಲೂರಿನದು ಆ ಆರರಲ್ಲಿ ಒಂದು. ಮೈಸೂರಿನಲ್ಲಿದ್ದ ಹುಡುಗಿಯ ಚಿಕ್ಕಪ್ಪನ ಮಗಳು ಅಂದು ವಾಟ್ಸ್‌ಆ್ಯಪ್ ಸ್ಟೇಟಸ್‌ಗೆಂದು 30 ಸೆಕೆಂಡಿನ ಮೂರು ತುಣುಕು ಮಾಡಿಕೊಂಡಿದ್ದಳು. ಒಟ್ಟು ಒಂದೂವರೆ ನಿಮಿಷ. ಮೊದಲನೆಯದರಲ್ಲಿ ಹುಡುಗಿ ಹಸೆಗೆ ಬರುತ್ತಾಳೆ, ಮೇಲೆ ಬ್ಯಾಟರಿ 14 ಎಂದು ತೋರಿಸುತ್ತದೆ. ಎರಡನೆಯದರಲ್ಲಿ ಅಂತರಪಟ ಸರಿಯುವ ಹೊತ್ತಿಗೆ ಸರಿಯಾಗಿ ಯಾರದೋ ಸಂದೇಶದ ಪಟ್ಟಿ ಇಳಿದು ಹುಡುಗನ ಮುಖವನ್ನು ಮುಚ್ಚುತ್ತದೆ. ಮೂರನೆಯದು ಧಾರೆ. ಚಿತ್ರ ಚೌಕ ಚೌಕವಾಗಿ ಒಡೆದಿದೆ, ಆದರೆ ಧ್ವನಿ ಸ್ವಚ್ಛ. ಓಲಗದ ನಡುವೆ ತಂದೆ ಮಂತ್ರ ತಪ್ಪಿ ಮತ್ತೆ ಹೇಳುವುದು, ಹಿಂದಿನಿಂದ ಯಾರೋ “ಮಳೆ ಜೋರಾಯಿತು, ಚಪ್ಪರ ನೋಡಿ” ಎನ್ನುವುದು ಕೇಳಿಸುತ್ತದೆ.

ಆ ತಾಯಿ ಮತ್ತೆ ಬಂದಾಗ ನಾನು ಮೊದಲು ನಡೆದದ್ದನ್ನು ಹೇಳಿದೆ. ಡಿಸ್ಕ್ ತುಂಬಿತ್ತು, ನಾನು ಗುಂಡಿ ಒತ್ತಲಿಲ್ಲ, ಪತ್ರ ಓದಲಿಲ್ಲ, ಮೂರನ್ನೂ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಇದೇ ಇರುವುದಾ?” ಎಂದರು. ಹೌದಮ್ಮ ಎಂದೆ. ಒಂದೂವರೆ ನಿಮಿಷವನ್ನು ನಾಲ್ಕು ಬಾರಿ ನೋಡಿದರು. ನಾಲ್ಕನೆಯ ಬಾರಿ ಬೆರಳಿಟ್ಟು, “ಈ ದನಿ ನಮ್ಮ ಭಾವನದು. ಮರುವರ್ಷ ಹೋಗಿಬಿಟ್ಟರು” ಎಂದರು. ಲೈವ್‌ಗೆ ಕೊಟ್ಟಿದ್ದ ದುಡ್ಡನ್ನು ಅಣ್ಣ ಲಕೋಟೆಯಲ್ಲಿಟ್ಟು ಮುಂದೆ ಹಿಡಿದಾಗ ತೆಗೆದುಕೊಳ್ಳಲಿಲ್ಲ. ಮಗಳಿಗೆ ಕಳಿಸಿ ಎಂದು ಫೋನ್ ನಂಬರ್ ಕೊಟ್ಟು ಹೋದರು.

ಏನೂ ಸಿಗದ 14 ಮನೆಗಳಿಗೂ ಹಣ ಹಿಂದಿರುಗಿಸಿದೆವು. ಗ್ರಾಹಕರ ಸಂರಕ್ಷಣಾ ಕಾಯ್ದೆ 2019ರ ಪ್ರಕಾರ ಜಿಲ್ಲಾ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬಹುದು ಎಂಬುದನ್ನೂ ನಾವೇ ತಿಳಿಸಿದೆವು. ಯಾರೂ ಹೋಗಲಿಲ್ಲ. ಇಬ್ಬರು ಮಾತ್ರ ಫೋನಿನಲ್ಲಿ ಬಾಯಿಗೆ ಬಂದಂತೆ ಬೈದರು, ಕೇಳಿಸಿಕೊಂಡೆ.

ಈಗಿನ ಕ್ರಮ

ಈಗ ಲೈವ್‌ಗೆ ಹೋಗುವ ಲ್ಯಾಪ್‌ಟಾಪಿನಲ್ಲಿ ಪ್ರಸಾರ ಶುರುವಾದರೆ ದಾಖಲಿಸುವುದೂ ತಾನಾಗಿ ಶುರುವಾಗುವಂತೆ ಇಟ್ಟಿದ್ದೇವೆ. ಓ.ಬಿ.ಎಸ್.ನ ಸೆಟ್ಟಿಂಗ್‌ನಲ್ಲೇ ಆ ಸೌಲಭ್ಯವಿದೆ. ದಾಖಲಿಸುವುದು ಎಂ.ಕೆ.ವಿ. ರೂಪದಲ್ಲಿ. ಎಂ.ಪಿ.4 ಆದರೆ ಮಧ್ಯೆ ಕರೆಂಟ್ ಹೋಗಿ ಲ್ಯಾಪ್‌ಟಾಪ್ ಆರಿದಾಗ ಇಡೀ ಕಡತ ತೆರೆಯದೆ ಹೋಗಬಹುದು, ಎಂ.ಕೆ.ವಿ.ಯಲ್ಲಿ ಅಲ್ಲಿಯವರೆಗಿನದು ಉಳಿಯುತ್ತದೆ. ನಮ್ಮ ಕಡೆಯ ಮಳೆಗಾಲದ ಕರೆಂಟನ್ನು ಬಲ್ಲವರಿಗೆ ಇದರ ಬೆಲೆ ಗೊತ್ತು. ಆಮೇಲೆ ಎಂ.ಪಿ.4ಗೆ ಬದಲಿಸಿ ಗ್ರಾಹಕರಿಗೆ ಪೆನ್‌ಡ್ರೈವ್, ಅಂಗಡಿಗೊಂದು ಡಿಸ್ಕ್, ಅಣ್ಣನ ಮನೆಗೊಂದು ಡಿಸ್ಕ್. ಅತಿ ಕಡಿಮೆ ದರದ ಲೈವ್‌ಗೂ ಪೆನ್‌ಡ್ರೈವ್ ಸೇರಿಯೇ ದರ. ಲಿಂಕ್ ಒಂದು ವರ್ಷ ಮಾತ್ರ ಇರುತ್ತದೆ ಎಂದು ರಸೀದಿಯಲ್ಲಿ ಕನ್ನಡದಲ್ಲಿ ಅಚ್ಚು ಹಾಕಿಸಿದ್ದೇವೆ.

2025ರ ಫೆಬ್ರುವರಿಯಲ್ಲಿ ಫೇಸ್‌ಬುಕ್ ತನ್ನ ಲೈವ್ ವಿಡಿಯೊಗಳನ್ನು ಇನ್ನು ಮುಂದೆ 30 ದಿನ ಮಾತ್ರ ಇಡುವುದಾಗಿಯೂ, ಹಳೆಯವನ್ನು ಇಳಿಸಿಕೊಳ್ಳಲು ಸೂಚನೆ ಬಂದಂದಿನಿಂದ 90 ದಿನ ಕೊಡುವುದಾಗಿಯೂ ಪ್ರಕಟಿಸಿತು. ಈ ಸಲ ಓದಿದೆ. ಬೇಲೂರು ಕಡೆಯ ಹಳ್ಳಿಯೊಂದರ ದೇವಸ್ಥಾನದವರು ನಾಲ್ಕು ವರ್ಷದ ರಥೋತ್ಸವವನ್ನು ಅದರಲ್ಲೇ ಲೈವ್ ಮಾಡಿದ್ದರು, ಅವರಿಗೆ ಬೇರೆ ಪ್ರತಿ ಇರಲಿಲ್ಲ. ಒಂದು ಭಾನುವಾರ ಹೋಗಿ, ಅರ್ಚಕರ ಮನೆಯ ಜಗುಲಿಯಲ್ಲಿ ಕುಳಿತು ಎಲ್ಲವನ್ನೂ ಇಳಿಸಿಕೊಟ್ಟು ಬಂದೆ.

ಹದಿನಾಲ್ಕು ಮನೆಗಳ ಪಟ್ಟಿ ನನ್ನ ಕಂಪ್ಯೂಟರಿನ ಪಕ್ಕದ ಗೋಡೆಯ ಮೇಲಿದೆ. ಕಳೆದ ವಾರ ಅರಕಲಗೂಡಿನಿಂದ ಒಬ್ಬರು ಫೋನ್ ಮಾಡಿದ್ದರು. ಬಹರೇನ್‌ನಲ್ಲಿರುವ ಅವರ ಭಾಮೈದ ಅಂದು ಮದುವೆ ನೋಡಿದ ಹಳೆಯ ಫೋನ್ ಪೆಟ್ಟಿಗೆಯಲ್ಲಿ ಸಿಕ್ಕಿದೆಯಂತೆ, ಅದರಲ್ಲಿ ಏನಾದರೂ ಇರಬಹುದೇನೋ ಎಂದರು. ಫೋನ್ ಆನ್ ಆಗುತ್ತಿಲ್ಲ, ಅದಕ್ಕೆ ಹೊಂದುವ ಚಾರ್ಜರ್ ಅಲ್ಲಿ ಸಿಗುತ್ತಿಲ್ಲ. ಮುಂದಿನ ತಿಂಗಳು ಊರಿಗೆ ಬರುವಾಗ ಅವರು ಅದನ್ನು ತರುತ್ತಾರೆ. ಹಳೆಯ ಮಾದರಿಯ ಕೇಬಲ್ ಒಂದನ್ನು ಹುಡುಕಿ ತಂದು ಮೇಜಿನ ಖಾನೆಯಲ್ಲಿ ಇಟ್ಟುಕೊಂಡಿದ್ದೇನೆ.